ಕೊನೆಯ ಮನೆಯ ಮಿಸ್ಡ್ ಕಾಲ್

ಬೆಳಗಿನ ಆರಕ್ಕೆ ಇನ್ನೈದು ನಿಮಿಷ. ಸಿದ್ಧಾರ್ಥನಗರದ ಕೇಬಲ್ ಟಿವಿ ಕಂಟ್ರೋಲ್ ರೂಮಿನಲ್ಲಿ ಚಂದ್ರಮೌಳಿ ಅವರ ಹಣೆಯ ವಿಭೂತಿ ಇನ್ನೂ ಆರಿಲ್ಲ. ಆಗಲೇ ತುರ್ತು ಎಚ್ಚರಿಕೆ ಕಳಿಸುವ ಯಂತ್ರದ ಮುಂದೆ ಕುಳಿತಿದ್ದಾರೆ. ಗುಂಡಿ ಒತ್ತಿದ್ದೇ ತಡ, ಎಲ್ಲ ಚಾನೆಲ್‌ಗಳಲ್ಲೂ ಕೆಂಪು ಪಟ್ಟಿ ಓಡುತ್ತದೆ: 'ಇದು ಪರೀಕ್ಷೆ ಮಾತ್ರ, ಗಾಬರಿ ಬೇಡ.' ಜೊತೆಗೆ ಮೂರು ಸಲ ಬೀಪ್ ಸದ್ದು. ಯಂತ್ರದಲ್ಲಿ ಹಸಿರು ದೀಪ ಹತ್ತುತ್ತದೆ. ನಾವಾದರೆ ಕಾಫಿಗೆ ಎದ್ದುಬಿಡುತ್ತೇವೆ. ಚಂದ್ರಮೌಳಿ ಮಾತ್ರ ಮೊಬೈಲನ್ನೇ ನೋಡುತ್ತ ಕೂರುತ್ತಾರೆ.

ಅದು ಎರಡು ಸಲ ರಿಂಗಾಗಿ ನಿಲ್ಲುತ್ತದೆ. "ಬಂತು ಕಣ್ರೀ! ಒಂದೇ ರಿಂಗಾದ್ರೆ ಅಕ್ಷರ ಬಂತು, ಸದ್ದು ಇಲ್ಲ ಅಂತ. ಎರಡಾದ್ರೆ ಎರಡೂ ಬಂತು ಅಂತ."

ರಿಂಗ್ ಕೊಟ್ಟವರು ತಿಮ್ಮಮ್ಮ. ಬನ್ನಿಮಂಟಪದ ತಗ್ಗಿನ ಬೀದಿಯಲ್ಲಿ ಊದುಬತ್ತಿ ಹೊಸೆಯುತ್ತಾರೆ. ಈ ಕೇಬಲ್ ಜಾಲದ ಕಟ್ಟಕಡೆಯ ಮನೆ ಅವರದು.

ಐವತ್ತೆರಡರ ಚಂದ್ರಮೌಳಿ ಕಂಬ ಹತ್ತಿ ವೈರ್ ಎಳೆಯುತ್ತ ಮೇಲೆ ಬಂದವರು. ಈಗ ಹನ್ನೊಂದು ಸಾವಿರ ಮನೆಗಳ ಟಿವಿ ಅವರ ಸುಪರ್ದಿಯಲ್ಲಿದೆ. ಅವರ ಮುಖ ಕಂಡವರಿಲ್ಲ. ಧಾರಾವಾಹಿ ನಿಂತರೆ ಬೈಗುಳ ಮಾತ್ರ ತಪ್ಪದೆ ತಲುಪುತ್ತದೆ.

ನಾಲ್ಕು ವರ್ಷದ ಹಿಂದೆ ಅವರೂ ಹಸಿರು ದೀಪವನ್ನೇ ನಂಬಿದ್ದರು. ಒಂದು ಸಂಜೆ ಕಾಲುವೆ ಉಕ್ಕುವ ಎಚ್ಚರಿಕೆ ಕಳಿಸಿ, ರಿಜಿಸ್ಟರಿಗೆ ಸಹಿ ಹಾಕಿ ಮನೆಗೆ ಹೋದರು. ತಗ್ಗಿನ ಬೀದಿಯ ಹಳೆಯ ಸೆಟ್‌ಟಾಪ್ ಬಾಕ್ಸುಗಳಲ್ಲಿ ಪಟ್ಟಿ ಮೂಡಲೇ ಇಲ್ಲ. ಮರುದಿನ ತಿಮ್ಮಮ್ಮ ಒದ್ದೆ ಊದುಬತ್ತಿಯ ಮೊರ ಹೊತ್ತು ಆಫೀಸಿಗೇ ಬಂದರು.

"ಮೂರು ದಿನ ಹೊಸ್ದಿದ್ದೆಲ್ಲ ನೀರುಪಾಲಾಗೋಯ್ತು. ಧಾರಾವಾಹಿ ಮಾತ್ರ ಚೆಂದಾಗಿ ತೋರಿಸ್ಬುಟ್ರಿ ಸ್ವಾಮಿ!"

ಆ ಮಾತಿಗೆ ಚಂದ್ರಮೌಳಿ ಕುಗ್ಗಿಹೋದರು. ಬೀದಿಯ ಬಾಕ್ಸುಗಳನ್ನೆಲ್ಲ ಮುಂದೆ ನಿಂತು ಬದಲಾಯಿಸಿದರು. ಆಮೇಲೆ ತಿಮ್ಮಮ್ಮನ ಬಾಗಿಲಿಗೇ ಹೋಗಿ, ದಿನಾ ಬೆಳಿಗ್ಗೆ ಪರೀಕ್ಷೆಯ ಪಟ್ಟಿ ಬಂದೊಡನೆ ಒಂದು ಮಿಸ್ಡ್ ಕಾಲ್ ಕೊಡುವಿರಾ ಎಂದು ಕೇಳಿಕೊಂಡರು. ಅಂದಿನಿಂದ ಆಕೆ ಒಂದು ದಿನವೂ ತಪ್ಪಿಸಿಲ್ಲ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಮೊಬೈಲ್ ಒಂದೇ ಸಲ ರಿಂಗಾಯಿತು. "ಬುಡಿ ಮೌಳಿ, ಮಿಷನ್ನೇ ಸರಿಯಾಗಿದೆ ಅಂತಿದೆಯಲ್ಲ" ಎಂದರು ಮಾಲೀಕ ವಾಗೀಶ. ಚಂದ್ರಮೌಳಿ ಕೇಳಲಿಲ್ಲ. ಸ್ಕೂಟರ್ ಹತ್ತಿ ಹೋಗಿ ನೋಡಿದರೆ ಬೀದಿಯ ಎಂಟು ಮನೆಗಳಲ್ಲಿ ಬೀಪ್ ಸತ್ತಿತ್ತು. ಸರಿಮಾಡಿ ಬರುವ ಹೊತ್ತಿಗೆ ಹತ್ತು ಗಂಟೆ.

ಅದೇ ಮಧ್ಯಾಹ್ನ ಮಳೆ ಸುರಿಯಿತು, ಕಾಲುವೆಯ ಎಚ್ಚರಿಕೆಯೂ ಬಂತು. ಬತ್ತಿ ಹೊಸೆಯುವ ಕಣ್ಣು ಟಿವಿ ನೋಡುವುದಿಲ್ಲ, ಕೈಯನ್ನೇ ನೋಡುತ್ತದೆ. ತಿಮ್ಮಮ್ಮ ಬೀಪ್ ಕೇಳಿ ಎದ್ದರು, ಊದುಬತ್ತಿಯ ಚೀಲಗಳನ್ನು ಅಟ್ಟಕ್ಕೇರಿಸಿದರು, ಬೀದಿಯನ್ನೆಲ್ಲ ಕೂಗಿ ಎಚ್ಚರಿಸಿದರು. ನೀರು ಮೊಣಕಾಲುದ್ದ ಬಂದು ಹೋಯಿತು. ಯಾರಿಗೂ ಏನೂ ಆಗಲಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ಚಂದ್ರಮೌಳಿ ನಗುತ್ತಾರೆ. "ಈ ಪಟ್ಟಿ ದಿನಾ ಪರೀಕ್ಷೆಗೆ ಮಾತ್ರ ಓಡ್ಲಿ ಅಂತ, ಅಷ್ಟೇ."

ಯಂತ್ರದ ಮೇಲೆ ಕಾಗದದಲ್ಲಿ ಸುತ್ತಿದ ಊದುಬತ್ತಿಯ ಕಟ್ಟೊಂದಿದೆ. ಅದನ್ನು ಮೂಗಿಗೆ ಹಿಡಿದು ಮತ್ತೆ ಅಲ್ಲೇ ಇಡುತ್ತಾರೆ.

"ಆವತ್ತು ನೆನೀದೆ ಉಳ್ಕೊಂಡಿದ್ದು. ತಿಮ್ಮಮ್ಮನೋರು ಕೊಟ್ರು. ಒಂದೂ ಹಚ್ಚಿಲ್ಲ ಕಣ್ರೀ, ಮನಸ್ಸೇ ಬರಲ್ಲ."