ಸೋಮವಾರ ಬರ್ತಾನಂತ

ಧಾರವಾಡ ಬಿಟ್ಟು ಪುಣೆಯ ಕೋಥರೂಡಿಗೆ ಬಂದು ವರ್ಷವಾಗಿದ್ದರೂ ಅವ್ವನಿಗೆ ಮರಾಠಿ ಹತ್ತಿರಲಿಲ್ಲ. ಕಾಯಿಪಲ್ಯೆ ಮಾರುವವನ ಜೊತೆ ಕೈಸನ್ನೆಯಲ್ಲೇ ಜಗಳಾಡಿ ಗೆದ್ದು ಬರುತ್ತಿದ್ದಳು. ಅಪ್ಪನದು ಆಫೀಸು, ನನ್ನದು ಕಾಲೇಜು. ನಮಗಿಬ್ಬರಿಗೂ ಭಾಷೆ ಬೇಗ ಬಂತು. ಅಣ್ಣ ಮಿಲಿಟರಿಯಲ್ಲಿದ್ದ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಅವನ ತುಕಡಿಯನ್ನು ಸೋಮಾಲಿಯಾಕ್ಕೆ ಕಳಿಸಿದರು. ಅಲ್ಲಿ ಯುದ್ಧ ನಡೆದಿತ್ತು, ಇವರು ಹೋಗಿ ಶಾಂತಿ ಕಾಯಬೇಕಂತೆ. ಯಾರ ಶಾಂತಿಯೋ, ನಮ್ಮ ಮನೆಯದಂತೂ ಅಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಒಂದು ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಅವ್ವ ಶೇಂಗಾ ಹುರಿಯುತ್ತಿದ್ದಳು. ಪಕ್ಕದ ಮನೆಯ ಮರಾಠಿ ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವ್ವ ಕೊಟ್ಟ ಸಕ್ಕರೆ ಅವರ ಅಂಗೈಯಲ್ಲಿ ಹಾಗೇ ಇತ್ತು.

"ನಿಮ್ಮಣ್ಣ ಸೋಮವಾರ ಬರ್ತಾನಂತ! ಇವರ ಮನೀಗೆ ಫೋನ್ ಬಂದಿತ್ತಂತ. ಶೇಂಗಾ ಹೋಳಿಗಿ ಮಾಡಿಡ್ತೀನಿ. ಇವರ್ನ ನೋಡ, ನನಗಿಂತ ಹೆಚ್ಚ ಅಳಾಕತ್ತಾರ."

ನಾನು ಕಾಕುವನ್ನು ಮರಾಠಿಯಲ್ಲಿ ಕೇಳಿದೆ. ಅವರು ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದರು: "ಸೋಮಾಲಿಯಾತ ವಾರಲಾ ಗ."

ಮರಾಠಿಯಲ್ಲಿ 'ವಾರಲಾ' ಎಂದರೆ ತೀರಿಕೊಂಡ. ಅವ್ವ 'ಸೋಮ' ಕೇಳಿಸಿಕೊಂಡಿದ್ದಳು, 'ವಾರ' ಕೇಳಿಸಿಕೊಂಡಿದ್ದಳು. ಉಳಿದದ್ದನ್ನು ತಾನೇ ಸೇರಿಸಿಕೊಂಡಿದ್ದಳು.

"ಯಾಕ ಸುಮ್ನ ನಿಂತಿ? ಬೆಲ್ಲದ ಡಬ್ಬಿ ಇಳಸು," ಎಂದಳು. ಇಳಿಸಿದೆ. ಅವಳ ಮುಂದಿಟ್ಟು, "ಅವ್ವಾ, ಅಣ್ಣ ಬರಂಗಿಲ್ಲ," ಎಂದೆ.

"ಸೋಮವಾರ ಅಲ್ಲೇನ? ಮತ್ತ ಯಾವಾಗ?"

ಶೇಂಗಾ ಸೀದು ಕರಕಾದವು. ಯಾರೂ ಒಲೆ ಆರಿಸಲಿಲ್ಲ.

ಸೋಮವಾರ ಯಾರೂ ಬರಲಿಲ್ಲ. ಪೆಟ್ಟಿಗೆ ಬಂದದ್ದು ಗುರುವಾರ. ದೇಹೂ ರೋಡಿನ ಮಿಲಿಟರಿ ಕ್ಯಾಂಪಿನಿಂದ ಬಂದ ಸೈನಿಕರು ಬಂದೂಕು ತಲೆಕೆಳಗಾಗಿ ಹಿಡಿದು ನಿಂತರು. ಅದಾದ ಮೇಲೆ ಅವ್ವ ಹಟ ಹಿಡಿದು ಮರಾಠಿ ಕಲಿತಳು. ಕಾಕುವೇ ಕಲಿಸಿದರು. ಎರಡು ಸಾವಿರದ ಇಸವಿ ದಾಟುವಷ್ಟರಲ್ಲಿ ಬಸ್ ಕಂಡಕ್ಟರನನ್ನು ಮರಾಠಿಯಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಶೇಂಗಾ ಹೋಳಿಗೆ ಮಾತ್ರ ನಮ್ಮ ಮನೆಯಲ್ಲಿ ಮತ್ತೆ ಆಗಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಕಾಕುವಿನ ಮಗ ಬಾಗಿಲಿಗೆ ಬಂದ. "ಆಈ ವಾರಲೀ," ಎಂದ. ಅವನ ತಾಯಿ ಹೋದದ್ದನ್ನು ನಾನು ಅಭ್ಯಾಸಬಲದಿಂದ ಅವ್ವನಿಗೆ ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ.

"ತಿಳೀತು," ಎಂದಳು ಅವ್ವ.

ಅವರ ಮನೆಗೆ ಹೋಗಿ ಬಂದು, ಸ್ನಾನ ಮಾಡಿ, ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತಳು.

"ಅವತ್ತ ನೀ ಕಾಲೇಜಿನಿಂದ ಬರೂತನಾ, ಅರ್ಧ ತಾಸು, ಅಂವಾ ಸೋಮವಾರ ಬರಾಂವ ಇದ್ದ. ನನಗ ಮರಾಠಿ ಬರ್ತಿದ್ರ ಅಷ್ಟೂ ಸಿಗ್ತಿದ್ದಿಲ್ಲ. ಈಗ ನೋಡ, ಎಲ್ಲಾ ಒಮ್ಮೆಲೇ ತಿಳೀತದ."