ಮುಂಬಾಗಿಲ ಹೊಸ್ತಿಲು

ಪದ್ಮನಾಭನಗರದ ನಮ್ಮ ಮನೆಯ ಮುಂಬಾಗಿಲ ಹೊಸ್ತಿಲಿಗೆ ಎಡವಿ ಅತ್ತೆ ಎರಡನೇ ಸಲ ಬಿದ್ದು ಹಣೆ ಒಡೆದುಕೊಂಡ ವಾರ ನನ್ನ ತಾಳ್ಮೆ ಕೆಟ್ಟಿತು. ಅದನ್ನು ಕೀಳಿಸಿ ನೆಲ ಸಮ ಮಾಡಿಸೋಣ ಎಂದು ಎಷ್ಟೋ ದಿನದಿಂದ ಬೇಡಿಕೊಂಡಿದ್ದೆ. ಐವತ್ತು ವರ್ಷ ದಿನಾ ಬೆಳಿಗ್ಗೆ ಅರಿಸಿನ ಕುಂಕುಮ ಹಚ್ಚಿ ಪೂಜಿಸಿದ ಹೊಸ್ತಿಲನ್ನು ಅವರು ಮುಟ್ಟಗೊಡಲಿಲ್ಲ.

ಬಡಗಿಗೂ ಕಾಯದೆ ಉಳಿ, ಸುತ್ತಿಗೆ ತಂದು ನಾನೇ ಹೊಡೆದೆ. ಮರ ಸೀಳಿ ಚೂರುಗಳು ಮುಖಕ್ಕೆ ಸಿಡಿದವು.

"ಲಕ್ಷ್ಮಿ ತಲೆ ಮೇಲೆ ಹೊಡೀತಿದೀಯಲ್ಲೇ, ನಿನ್ ಕೈ ಸೇದೋಗ!" ಅತ್ತೆ ಕಿರುಚುತ್ತಾ ಊರುಗೋಲಿನಿಂದ ನನ್ನ ಬೆನ್ನಿಗೆ ಬಾರಿಸಿದರು. ಮೂರನೇ ಏಟು ಮೊಣಕೈಗೆ ಬಿದ್ದು ರಕ್ತ ಬಂತು. ಕೋಲು ಕಿತ್ತುಕೊಂಡು ಮೂಲೆಗೆ ಎಸೆದೆ.

"ನೀವು ಬೀಳಬಾರ್ದು ಅಂತ ತಾನೇ ಅತ್ತೆ ಮಾಡ್ತಿರೋದು!" ಎಂದು ಅರಚಿ, ಹೊಸ್ತಿಲು ಪೂರ್ತಿ ಕಳಚುವವರೆಗೂ ಹೊಡೆದೆ. ಸಂಜೆ ಮೇಸ್ತ್ರಿ ಬಂದು ಸಿಮೆಂಟು ಬಳಿದು ನೆಲ ಸಮ ಮಾಡಿದ.

ಮೂರು ದಿನ ಅತ್ತೆ ಮುಂಬಾಗಿಲ ಕಡೆ ಸುಳಿಯಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಅರಿಸಿನದ ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ಎರಡು ಸಲ ಬಿದ್ದು ಕಲಿತ ಎಚ್ಚರದಲ್ಲಿ, ಇಲ್ಲದ ಹೊಸ್ತಿಲನ್ನು ದಾಟಲು ಬಲಗಾಲನ್ನು ಎತ್ತರಕ್ಕೆ ಎತ್ತಿದರು. ಆಯ ತಪ್ಪಿತು. ಸೊಂಟದ ಮೂಳೆ ಮುರಿದ ಸದ್ದು, ಆ ಮರ ಸೀಳಿದ ಸದ್ದಿನಂತೆಯೇ ಇತ್ತು.