ಕೈಗುಣ

ಲ್ಯಾಬಿನಲ್ಲಿ ಜೀವಕೋಶ ಬೆಳೆಸುವುದು ನನ್ನ ಕೆಲಸ. ನಾನು ಓದಿದ್ದು ಅಷ್ಟಕ್ಕಷ್ಟೇ. ಆದರೂ ನಾನು ಬೆಳೆಸಿಕೊಟ್ಟ ಬಾಟಲಿಗಳಿಂದ ಐದು ಜನ ಡಾಕ್ಟರೇಟ್ ಪಡೆದಿದ್ದಾರೆ. ಆರನೆಯವಳಿಗೆ ಸಿಗಲಿಲ್ಲ. ಅವಳನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ.

ಅವಳು ಗಡಿಯಾರ ರಿಪೇರಿಯವರ ಮಗಳು. ಅಪ್ಪನಿಗೆ ಕೈ ನಡುಗುವ ಕಾಯಿಲೆ ಬಂದು ಅಂಗಡಿ ಮುಚ್ಚಿತ್ತು. ಮೆದುಳಿನ ನರಕೋಶ ಯಾಕೆ ಸಾಯುತ್ತದೆ, ಯಾವ ಪ್ರೋಟೀನ್ ಎಲ್ಲಿ ಕೆಡುತ್ತದೆ ಎಂದು ಪತ್ತೆಹಚ್ಚಿಯೇ ತೀರುತ್ತೇನೆಂದು ಹಟ ತೊಟ್ಟು ಬಂದವಳು. ಅಪ್ಪ ವಾರಕ್ಕೊಮ್ಮೆ ಫೋನ್ ಮಾಡಿ, "ನನ್ನ ರಿಪೇರಿ ಎಲ್ಲಿಗೆ ಬಂತಮ್ಮಾ?" ಎಂದು ನಗುತ್ತಿದ್ದರು.

ಗೈಡ್ ಮೇಷ್ಟ್ರು ಅವಳಿಗೆಂದು ಹೊಸದಾಗಿ ನರಕೋಶದ ಟ್ಯೂಬ್ ತರಿಸಿದರು.

"ಇವು ನಿಜವಾಗ್ಲೂ ನರಕೋಶಾನಾ ಅಂತ ಒಂದ್ಸಲ ಟೆಸ್ಟ್ ಮಾಡಿಸ್ಲಾ ಸರ್?" ಎಂದಳು.

"ಕೊಟ್ಟೋನು ನನ್ನ ಸ್ನೇಹಿತ. ಅವನ ಮೇಲೇ ಅನುಮಾನಾನಾ?" ಎಂದು ಬಾಯಿ ಮುಚ್ಚಿಸಿದರು.

ಆ ಜಾತಿಯ ಕೋಶಗಳು ನಿಧಾನಕ್ಕೆ ಬೆಳೆಯುವಂಥವು. ಇವು ಮೂರೇ ದಿನಕ್ಕೆ ಬಾಟಲಿ ತುಂಬಿದವು. ಏನೋ ಸರಿಯಿಲ್ಲ ಅನ್ನಿಸಿತು. ಹೇಳಬೇಕು ಅನ್ನುವಷ್ಟರಲ್ಲಿ ಮೇಷ್ಟ್ರು ಎಲ್ಲರೆದುರು ನನ್ನ ಬೆನ್ನು ತಟ್ಟಿ, "ನೋಡಿ ಇವನ ಕೈಗುಣ!" ಎಂದರು. ಉಬ್ಬಿಹೋದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಆರು ವರ್ಷ ಹೊತ್ತುಗೊತ್ತಿಲ್ಲದೆ ದುಡಿದಳು. ಕೆಟ್ಟ ಪ್ರೋಟೀನ್ ಸಿಕ್ಕಿತೆಂದು ಅಪ್ಪನಿಗೂ ಹೇಳಿದಳು. ಅಷ್ಟರಲ್ಲಿ ಮೇಷ್ಟ್ರು ಅವೇ ಕೋಶಗಳ ಮೇಲೆ ನಾಲ್ಕು ಲೇಖನ ಅಚ್ಚು ಹಾಕಿಸಿದ್ದರು. ಐದನೆಯದಕ್ಕೆ ಪತ್ರಿಕೆಯವರು ಕೋಶಗಳ ಗುರುತಿನ ಪರೀಕ್ಷೆ ಕೇಳಿದರು. ವರದಿ ಬಂತು. ಅವು ನರಕೋಶಗಳೇ ಅಲ್ಲ, ಯಾರದೋ ಕರುಳಿನ ಕ್ಯಾನ್ಸರ್ ಕೋಶಗಳು. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ, ಇವಳಿಗೆ ಅದೂ ಇಲ್ಲ.

"ವರದಿ ಡ್ರಾಯರ್‌ನಲ್ಲಿರ್ಲಿ. ಸುಮ್ನೆ ಥೀಸಿಸ್ ಕೊಟ್ಬಿಡು. ಅದನ್ನ ಯಾರು ಓದ್ತಾರೆ?" ಎಂದರು ಮೇಷ್ಟ್ರು.

"ನಮ್ಮಪ್ಪ ಓದ್ತಾರೆ ಸರ್."

ವರದಿಯನ್ನು ಥೀಸಿಸ್ಸಿನ ಮೊದಲ ಪುಟಕ್ಕೇ ಹಾಕಿದಳು. ಮೇಷ್ಟ್ರು ಸಹಿ ಹಾಕಲಿಲ್ಲ.

ಹೊರಡುವ ದಿನ ನನ್ನ ಕೋಣೆಗೆ ಬಂದಳು. "ಅಣ್ಣಾ, ಅಷ್ಟು ಬೇಗ ಬೆಳೀತಿದ್ವಲ್ಲ, ನಿಮಗೆ ಯಾವತ್ತೂ ಅನುಮಾನ ಬರ್ಲಿಲ್ವಾ?"

"ಇಲ್ಲಮ್ಮಾ" ಎಂದೆ. ಅವಳು ನಂಬಿದಳು. ಅದಕ್ಕಿಂತ ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು.

ಈಗ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳಂತೆ. ಅಪ್ಪನಿಗೆ ಲೋಟ ಹಿಡಿಯಲೂ ಆಗುವುದಿಲ್ಲವಂತೆ.

ಹೋದ ತಿಂಗಳು ಹೊಸ ವಿದ್ಯಾರ್ಥಿನಿ ಬಂದಳು. "ಫ್ರೀಜರ್‌ನಲ್ಲಿ ನರಕೋಶ ಇದೆ, ಅದರಿಂದ್ಲೇ ಶುರು ಮಾಡು. ಇವನ ಕೈಗುಣ ನೋಡುವಿಯಂತೆ" ಎಂದರು ಮೇಷ್ಟ್ರು. ನಾನು ಮೇಷ್ಟ್ರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನನ್ನ ನಿವೃತ್ತಿಗೆ ಇನ್ನು ಎರಡೇ ವರ್ಷ. ಹೋಗಿ ಟ್ಯೂಬ್ ತಂದೆ.

ಮೂರನೆಯ ದಿನಕ್ಕೆ ಬಾಟಲಿ ತುಂಬಿತು.